ಒಂದೇ ತಾನಿನ ಎರಡು ಅಂಗಿ

ಪೇದೆಯ ಸಮವಸ್ತ್ರದ ಅಂಗಿಗೆ ನೀರು ಚಿಮುಕಿಸಿ ಇಸ್ತ್ರಿಯಮ್ಮ ಪೆಟ್ಟಿಗೆಯನ್ನು ಕಾಲರಿನಿಂದ ಬೆನ್ನಿಗೆ ಇಳಿಸುತ್ತಿದ್ದಳು. ಅಂಗಿಯ ಧಣಿ ಬರೀ ಬನಿಯನ್ನಿನಲ್ಲಿ ಅಂಗಡಿಯ ಬಾಗಿಲಿಗೊರಗಿ ನಿಂತಿದ್ದ.

"ನಿಮ್ಮ ಭಾರ ಇಳೀತು ಬಿಡಿ," ಅಂದ. "ಗುರುವಾರ ಆ ಗಡಿಯಾರದ ಕಳ್ಳ ತಪ್ಪು ಒಪ್ಕೋತಾನಂತೆ. ನೀವು ಸಾಕ್ಷಿ ಹೇಳೋಕೆ ಬರೋದೇ ಬೇಡ."

"ಈಗ ಬುದ್ಧಿ ಬಂತೇನು?"

"ಬುದ್ಧಿ ಎಲ್ಲಿಂದ ಬರುತ್ತೆ, ಬೇಜಾರು ಬಂದಿದೆ. ಒಳಗೆ ಕೂತು ಹದಿನಾಲ್ಕು ತಿಂಗಳಾಯ್ತು. ನಾನಲ್ಲ ಅಂತ ಹಟ ಹಿಡಿದ್ರೆ ವಿಚಾರಣೆಗೆ ಇನ್ನೂ ಎರಡು ವರ್ಷ ಕಾಯ್ಬೇಕು. ಒಪ್ಕೊಂಡ್ರೆ ಸುಲಿಗೆ ಹೋಗಿ ಬರೀ ಕಳ್ಳತನ ಆಗುತ್ತೆ, ಇನ್ನು ಹತ್ತೇ ತಿಂಗಳಿಗೆ ಆಚೆ. ನೀವಾದ್ರೆ ಯಾವುದು ಆರಿಸ್ಕೋತಿದ್ರಿ? ಅಯ್ಯೋ ಅಮ್ಮಾ, ಸುಟ್ಟ ವಾಸನೆ!"

ಪೆಟ್ಟಿಗೆ ಎತ್ತಿದಾಗ ಅಂಗಿಯ ಬೆನ್ನಿನ ಮೇಲೆ ಕಂದು ಕಲೆ ಕೂತಿತ್ತು. ಇಪ್ಪತ್ತೊಂಬತ್ತು ವರ್ಷದಲ್ಲಿ ಅವಳು ಯಾರ ಬಟ್ಟೆಯನ್ನೂ ಸುಟ್ಟವಳಲ್ಲ. "ಬೆನ್ನಿನ ಕಡೆ ಯಾರು ನೋಡ್ತಾರೆ ಬಿಡಿ," ಅಂತ ಪೇದೆಯೇ ಸಮಾಧಾನ ಹೇಳಿ ತೊಟ್ಟುಕೊಂಡು ಹೋದ.

ಮನುಷ್ಯರ ಮುಖ ಇಸ್ತ್ರಿಯಮ್ಮನಿಗೆ ನೆನಪಿರುತ್ತಿರಲಿಲ್ಲ, ಬಟ್ಟೆ ಮರೆಯುತ್ತಿರಲಿಲ್ಲ. ಬೀದಿಯಲ್ಲಿ ಯಾರಾದರೂ ನಮಸ್ಕಾರ ಅಂದರೆ ಮೊದಲು ತೋಳಿನ ಮಡಿಕೆ ನೋಡಿ, ಆಮೇಲೆ ಯಾರ ಮನೆಯವರೆಂದು ಗುರುತು ಹಿಡಿಯುವಳು. ಎದುರು ಅಂಗಡಿಯ ಗಡಿಯಾರದಜ್ಜನನ್ನು ಹಿಂದಿನಿಂದ ಕೆಡವಿ, ಕೈ ಮುರಿದು, ರಿಪೇರಿಗೆ ಬಂದ ಗಡಿಯಾರಗಳನ್ನೆಲ್ಲ ಬಾಚಿಕೊಂಡು ಒಬ್ಬ ಓಡಿಹೋದ ದಿನವೂ ಅವಳು ನೋಡಿದ್ದು ಅಂಗಿಯನ್ನೇ. ಬೂದು ಗೀಟಿನ ಅಂಗಿ. ಜೇಬಿನ ಮೂಲೆಯಲ್ಲಿ ಹಸಿರು ದಾರದ ಹೊಲಿಗೆ. ಬೂದು ದಾರ ಮುಗಿದಿತ್ತೆಂದು ಅವಳೇ ಹಾಕಿದ್ದು. ಅಂಗಿ ಒಬ್ಬ ಮೇಷ್ಟರದು. ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ಬಟ್ಟೆಯನ್ನೆಲ್ಲ ನಿರ್ಗತಿಕರ ವಸತಿಗೆ ಕೊಟ್ಟಿದ್ದರು. ಪೊಲೀಸರು ಅಲ್ಲಿ ಹುಡುಕಿದರು, ಅಂಗಿ ಸಿಕ್ಕಿತು, ಅಂಗಿಯೊಳಗಿದ್ದವನೂ ಸಿಕ್ಕಿದ. ಆರು ಜನರನ್ನು ಸಾಲಾಗಿ ನಿಲ್ಲಿಸಿದಾಗ ಅವಳು ಜೇಬುಗಳನ್ನು ನೋಡುತ್ತ ನಡೆದು, ನಾಲ್ಕನೆಯವನ ಮುಂದೆ ನಿಂತಳು. "ಇವನೇ. ಇಂಥ ಅಂಗಿ ಇನ್ನೊಂದಿಲ್ಲ, ಇದು ನನ್ನ ಕೈ ಹೊಲಿಗೆ."

ಹಾಗೆ ಗುರುತು ಹೇಳಿ ಎಂಟು ದಿನ ಕಳೆದು ಮೇಷ್ಟರ ಹೆಂಡತಿ ದಿಂಬಿನ ಚೀಲ ಕೊಡಲು ಬಂದವರು ಕಣ್ಣು ಒರೆಸಿಕೊಂಡಿದ್ದರು. "ನಮ್ಮೋರು ಆ ಬೂದು ಗೀಟಿನ ಅಂಗಿ ಒಂದೇ ತಾನಿನಲ್ಲಿ ಎರಡು ಹೊಲಿಸಿದ್ರು. ಎರಡಕ್ಕೂ ಪೆನ್ನು ಸಿಕ್ಕಿಸಿ ಸಿಕ್ಕಿಸಿ ಜೇಬು ಹರಿದಿದ್ರು, ನೀವೇ ಹೊಲಿದು ಕೊಟ್ರಲ್ಲ. ಒಂದನ್ನಾದ್ರೂ ಇಟ್ಕೋಬೇಕಿತ್ತು."

ಆಗ ನೆನಪಾಯಿತು, ಹಸಿರು ದಾರ ಹಾಕಿದ್ದು ಎರಡಕ್ಕೂ. ಅದೇ ದಿನ ನ್ಯಾಯಾಧೀಶರಿಗೆ ಒಂದು ಕಾಗದ ಬರೆದಳು. ತಾರೀಖು ಹಾಕಿದಳು, ಸಹಿ ಮಾಡಿದಳು. ಅಷ್ಟರಲ್ಲಿ ಗಡಿಯಾರದಜ್ಜ ಕುತ್ತಿಗೆಗೆ ಕೈ ಕಟ್ಟಿಕೊಂಡು ಬೀದಿ ದಾಟಿ ಬಂದು, "ನಿನ್ನ ಕಣ್ಣು ತಣ್ಣಗಿರಲಿ ಮಗಳೇ, ನೀನಿಲ್ದಿದ್ರೆ ಅವನು ದಕ್ಕಿಸ್ಕೋತಿದ್ದ," ಅಂದರು. ಅವಳು ಕಾಗದವನ್ನು ಇಸ್ತ್ರಿ ಮೇಜಿನ ಕಂಬಳಿಯಡಿಗೆ ತಳ್ಳಿದಳು. ನಾಳೆ ಹಾಕೋಣ ಅಂದುಕೊಂಡಳು. ಮಾತು ತಿರುಗಿಸಿದ ಸಾಕ್ಷಿಯನ್ನೂ ಒಳಗೆ ಹಾಕುತ್ತಾರೆಂದು ಪೇದೆ ಯಾವಾಗಲೋ ಹೇಳಿದ್ದು ಬೇರೆ ಕಿವಿಯಲ್ಲಿತ್ತು. ಎರಡು ಅಂಗಿ ಇದ್ದ ಮಾತ್ರಕ್ಕೆ ಅವನಲ್ಲ ಅಂತಲೂ ಆಗಲಿಲ್ಲವಲ್ಲ, ಅಂತ ಮನಸ್ಸಿಗೆ ಸುಳ್ಳು ಧೈರ್ಯ ಕೊಟ್ಟಳು. ಅಂದಿನಿಂದ ಬಿಸಿ ಪೆಟ್ಟಿಗೆ ದಿನವೂ ಆ ಕಾಗದದ ಮೇಲೆ ಓಡಾಡಿತು.

ಗುರುವಾರ ಬೇಡವೆಂದರೂ ಕೋರ್ಟಿಗೆ ಹೋದಳು. ಹೊರಡುವಾಗ ಕಾಗದವನ್ನು ಚೀಲಕ್ಕೆ ಹಾಕಿಕೊಂಡಳು. ಅಜ್ಜನೂ ಜೊತೆಗೆ ಬಂದರು. ಅವರ ಬಲಗೈ ಈಗ ನೆಟ್ಟಗಾಗುತ್ತಿರಲಿಲ್ಲ. ಗಡಿಯಾರದ ಸಣ್ಣ ತಿರುಪು ಹಿಡಿಯಲು ಬೆರಳು ಕೇಳುತ್ತಿರಲಿಲ್ಲ.

ಬಾಗಿಲಲ್ಲಿ ಸರ್ಕಾರಿ ವಕೀಲೆ ಕಡತಗಳನ್ನು ಎದೆಗವಚಿಕೊಂಡು ನಿಂತಿದ್ದಳು.

"ಮೇಡಂ, ಒಂದು ಮಾತಿತ್ತು. ಆ ಅಂಗಿ ವಿಷಯ..."

"ಅಂಗಿ ಈಗ ಬೇಡಮ್ಮ. ಅವನೇ ಒಪ್ಕೊಂಡ ಮೇಲೆ ಸಾಕ್ಷಿ ಯಾಕೆ? ಇವತ್ತು ಮೂವತ್ತೆರಡು ಕೇಸಿದೆ, ಕೂತ್ಕೊಳ್ಳಿ."

ಅವನ ಸರದಿ ಹತ್ತೊಂಬತ್ತನೆಯದು. ಹಿಡಿದ ದಿನದ ಅಂಗಿಯಲ್ಲೇ ಬಂದ. ಪೊಲೀಸರು ಅದರ ಫೋಟೊ ಮಾತ್ರ ತೆಗೆದಿಟ್ಟುಕೊಂಡಿದ್ದರು. ಸಾಲಿನಲ್ಲಿ ನಿಂತಿದ್ದ ದಿನ ತೋಳುಗಳನ್ನು ಮೊಣಕೈವರೆಗೆ ಮಡಿಚಿದ್ದ. ಇವತ್ತು ಬಿಟ್ಟಿದ್ದ. ಅವು ಅಂಗೈ ಮುಚ್ಚಿ, ಬೆರಳ ತುದಿಯವರೆಗೆ ಜೋತು ಬಿದ್ದಿದ್ದವು.

ಇಸ್ತ್ರಿಯಮ್ಮ ಆ ತೋಳುಗಳನ್ನೇ ನೋಡಿದಳು. ಓಡಿಹೋದವನ ಮಣಿಕಟ್ಟು ಇದೇ ಅಳತೆಯ ತೋಳಿನಿಂದ ನಾಲ್ಕು ಬೆರಳು ಹೊರಗಿತ್ತು. ಗಡಿಯಾರಗಳ ಚೀಲ ಹಿಡಿದ ಆ ಬರಿ ಮಣಿಕಟ್ಟು ಕಣ್ಣೆದುರು ಬಂತು. ಮೇಷ್ಟರ ತೋಳು ಅವಳಿಗೆ ಗೊತ್ತಿಲ್ಲವೇ, ಎಷ್ಟು ವರ್ಷ ತಿಕ್ಕಿದ್ದಾಳೆ!

"ಸ್ವಇಚ್ಛೆಯಿಂದ ಒಪ್ಪಿಕೊಳ್ತಿದ್ದೀಯಾ? ಯಾರಾದ್ರೂ ಹೆದರಿಸಿದ್ದಾರಾ?" ನ್ಯಾಯಾಧೀಶರು ಕಡತದಿಂದ ತಲೆ ಎತ್ತದೆ ಕೇಳಿದರು.

ಅವನು ತನ್ನ ವಕೀಲನ ಕಡೆ ನೋಡಿದ. ವಕೀಲ ಗದ್ದ ಅಲ್ಲಾಡಿಸಿದ. "ಹೂಂ ಸ್ವಾಮಿ. ಇಲ್ಲ ಸ್ವಾಮಿ."

ಅವಳು ಎದ್ದು ನಿಂತಳು. "ಸ್ವಾಮಿ..." ಜವಾನ ಬಾಯಿಗೆ ಬೆರಳಿಟ್ಟು ಕೂರಲು ಸನ್ನೆ ಮಾಡಿದ. ಅಷ್ಟರಲ್ಲಿ ಇಪ್ಪತ್ತನೆಯ ಕೇಸು ಕೂಗಿದರು.

ಪಡಸಾಲೆಯಲ್ಲಿ ಪೇದೆ ಅವನನ್ನು ಕರೆದೊಯ್ಯುವಾಗ ಇಸ್ತ್ರಿಯಮ್ಮ ಗೋಡೆಗೆ ಸರಿದಳು. ಮೊದಲ ಸಲ ಮುಖ ನೋಡಿದಳು. ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಗುರುತಿತ್ತು. ಅವನೇ ನಿಂತ.

"ನೀವೇ ಅಲ್ವಾ ಇದನ್ನ ಹೊಲಿದೋರು?" ಜೇಬು ಮುಟ್ಟಿ ತೋರಿಸಿದ. ದನಿಯಲ್ಲಿ ಸಿಟ್ಟಿರಲಿಲ್ಲ. "ಗಟ್ಟಿ ಕೈಯಮ್ಮ ನಿಮ್ದು. ಬಟ್ಟೆಯೆಲ್ಲಾ ಪಿಸಿದು ಹೋಯ್ತು, ಇದೊಂದು ಬಿಚ್ಚಲಿಲ್ಲ."

"ನಡಿ ನಡಿ," ಅಂದ ಪೇದೆ.

ಹೊರಗೆ ಬಿಸಿಲಿಗೆ ಬಂದು ಅಜ್ಜ ಉಸಿರು ಬಿಟ್ಟರು. "ಅಂತೂ ಮುಗೀತು. ಇನ್ನು ಕಣ್ಣು ಮುಚ್ಚಿದ್ರೆ ಅವನು ಬರಲ್ಲ."

"ಅಜ್ಜ," ಅಂದಳು. "ಅವನಲ್ಲ."

ಅಜ್ಜ ಅವಳ ಕಡೆ ತಿರುಗಿದರು. "ಯಾವಾಗಿಂದ ಗೊತ್ತು?"

ಅವಳು ಚೀಲದಿಂದ ಕಾಗದ ತೆಗೆದು ಪಕ್ಕದ ಅಂಚೆ ಕಚೇರಿಯ ಮೆಟ್ಟಿಲು ಹತ್ತಿದಳು. ಅಜ್ಜ ಹತ್ತಲಿಲ್ಲ.

ದಾರ ಕಟ್ಟಿದ ಪೆನ್ನೆತ್ತಿಕೊಂಡು, ಸಹಿಯ ಕೆಳಗೆ ಮಣಿಕಟ್ಟಿನ ವಿಷಯ ಎರಡು ಸಾಲು ಸೇರಿಸಿದಳು. ಕಾಗದದ ಮೇಲ್ತುದಿಯಲ್ಲಿ ಹದಿನಾಲ್ಕು ತಿಂಗಳ ಹಿಂದಿನ ತಾರೀಖಿತ್ತು. ಪೆನ್ನು ಅಲ್ಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತಿತು. ತಿದ್ದದೆ ಕೆಳಗಿಟ್ಟಳು. ಲಕೋಟೆಗೆ ಹಾಕಿ ಅಂಟಿಸಿ ಕಿಟಕಿಯೊಳಗೆ ಕೊಟ್ಟಳು.

"ರಿಜಿಸ್ಟರ್."

ಗುಮಾಸ್ತ ಲಕೋಟೆಯನ್ನು ಬಗ್ಗಿಸಿ ನೋಡಿದ. ಬಗ್ಗಲಿಲ್ಲ. "ಏನಮ್ಮ, ಒಳಗೆ ಹಲಗೆ ಇಟ್ಟಿದ್ದೀರಾ?"

"ಕಾಗದನೇ," ಅಂದಳು. "ಇಸ್ತ್ರಿ ಆಗಿದೆ."

ಅವನು ನಕ್ಕು, ಮುದ್ರೆಯನ್ನು ಶಾಯಿಗೆ ಒತ್ತಿ, ಎತ್ತಿ, ಕುಟ್ಟಿದ.