ಹರಿಯುವುದಕ್ಕೊಂದು ಮಾತು

ಹಳೆಯ ದುಪ್ಪಟಿಯನ್ನು ಗೇಶೆ ಅರ್ಧ ಹರಿದಿದ್ದಳು, ಅಷ್ಟರಲ್ಲಿ ಗಂಡನ ಶವಪೆಟ್ಟಿಗೆ ಹೊರಲು ನೆರೆಯವರು ಬಂದರು.

"ಇವತ್ತೂ ಚಿಂದಿ ಚಾಪೆ ನೇಯೋ ಕೆಲಸಾನಾ, ಗೇಶಕ್ಕಾ?" ಎಂದ ಪಕ್ಕದ ಮನೆಯ ಓಕೊ.

"ಕೈ ಸುಮ್ನಿದ್ರೆ ತಲೆ ಕೆಡುತ್ತಪ್ಪ."

ಸಮಾಧಿಯ ಬಳಿಯೂ ಅವಳಿಗೆ ಅಳು ಬರಲಿಲ್ಲ, ಬರೀ ದಣಿವು. ಗಂಡ ಹಾರ್ಮ್ ತಮ್ಮ ಸೀಮೆಯ ಆಡುಮಾತಿನ ನಿಘಂಟಿಗಾಗಿ ಜೀವಮಾನವಿಡೀ ಊರೂರು ಅಲೆದವನು. ಬಟ್ಟೆ ಹರಿಯುವುದಕ್ಕೆ ನಿಮ್ಮಲ್ಲಿ ಏನಂತೀರಿ ಎಂದು ಕಂಡಕಂಡವರ ಜೀವ ತಿಂದವನು. ಇಷ್ಟು ವರ್ಷ ಅವನು ಕಿವಿಗೊಟ್ಟದ್ದು ಅವಳಿಗೋ, ಅವಳ ಬಾಯಿಂದ ಬೀಳುವ ಮಾತಿಗೋ? ಅದೊಂದು ತಿಳಿಯದೆಯೇ ಅವನನ್ನು ಮಣ್ಣು ಮಾಡಿದ್ದಾಯಿತು.

*

ಮದುವೆಯಾದ ಹೊಸತರಲ್ಲಿ ಅವಳು ಅವನ ಸವೆದ ಅಂಗಿಯನ್ನು ಹರಿಯುತ್ತಿದ್ದಾಗ ಅವನು ಬಾಗಿಲಲ್ಲಿ ಬಂದು ನಿಂತಿದ್ದ.

"ಏನ್ಮಾಡ್ತಿದ್ದೀಯ? ನಿಮ್ಮೂರ ಮಾತಲ್ಲಿ ಹೇಳು."

"ರೀಟನ್. ಕಣ್ಣು ಕಾಣಲ್ವಾ?"

"ಪೇಟೆಯವರು ಇದನ್ನೇ ರೈಸನ್ ಅಂತಾರೆ. ಸಮುದ್ರದಾಚೆ ಇಂಗ್ಲಿಷರಲ್ಲಿ ರೈಟ್ ಆಗಿ, ಬರೆಯೋದು ಅಂತಾಯ್ತು. ಹಿಂದೆ ಮರ ಗೀರಿ ಅಕ್ಷರ ಕೆತ್ತುತ್ತಿದ್ರಲ್ಲ! ಗೀರೋದು, ಹರಿಯೋದು, ಬರೆಯೋದು, ಮೂವರಿಗೂ ತಾಯಿ ಒಬ್ಬಳೇ. ಇನ್ನೊಂದ್ಸಲ ಹೇಳು, ಗೇಶೆ."

"ಬೆಳಗ್ಗೆ ಬೆನ್ನು ನೋವು ಅಂದೆ. ಅದನ್ನ ಇನ್ನೊಂದ್ಸಲ ಹೇಳು ಅನ್ನಲಿಲ್ಲವಲ್ಲ ನೀವು!"

ಅವನು ನಕ್ಕು ಹೊರಗೆ ಹೋಗಿದ್ದ.

*

ಚರ್ಚಿನ ಪಕ್ಕದ ಕೋಣೆಯಲ್ಲಿ ಚಹಾ, ಬೆಣ್ಣೆ ಕೇಕು. ಆ ಸೀಮೆಯಲ್ಲಿ ಮೂರು ಬಟ್ಟಲು ಕುಡಿಯದೆ ಏಳುವುದು ಮರ್ಯಾದೆಯಲ್ಲ. ಸಾಕೆನಿಸಿದರೆ ಚಮಚವನ್ನು ಬಟ್ಟಲೊಳಗೆ ಇಡಬೇಕು, ಇಲ್ಲದಿದ್ದರೆ ಸುರಿಯುತ್ತಲೇ ಇರುತ್ತಾರೆ. ಗೇಶೆ ಮೊದಲ ಬಟ್ಟಲಿಗೇ ಚಮಚ ಇಟ್ಟುಬಿಟ್ಟಳು. ಯಾರ ಸಮಾಧಾನವೂ ಬೇಡ, ಮನೆಗೆ ಹೋಗಿ ಮಲಗಿದರೆ ಸಾಕಾಗಿತ್ತು.

ಎದುರಿಗೆ ಟೊಮ್ಮಾ ಅಜ್ಜಿ ಕುಳಿತಿದ್ದಳು. ದೂರದ ಜೌಗುನೆಲದ ಊರಿನವಳು. ಹಾರ್ಮ್ ಹಳೆಯ ಮಾತು ಹುಡುಕಿಕೊಂಡು ಅವಳ ಮನೆಗೆ ಹೋಗುತ್ತಿದ್ದ.

"ನಿನ್ನ ಗಂಡ ಮಹಾ ಅವಸರದ ಮನುಷ್ಯ ಕಣಮ್ಮ," ಎಂದಳು ಅಜ್ಜಿ. "ಮಾತು ಇನ್ನೂ ಮುಗಿದಿರ್ತಿರಲಿಲ್ಲ, ಎರಡನೇ ಬಟ್ಟಲಿಗೇ ಚಮಚ ಇಟ್ಟುಬಿಡೋನು. ಯಾಕಯ್ಯಾ, ನಮ್ಮ ಚಹಾ ಕಹೀನಾ ಅಂತ ಬೈದೆ ಒಂದ್ಸಲ. ಇಲ್ಲಜ್ಜಿ, ಗೇಶೆಗೆ ಬೆನ್ನು ನೋವು, ಕತ್ತಲಾಗೋದ್ರೊಳಗೆ ಹೋಗಿ ಸೌದೆ ಒಳಗಿಡಬೇಕು ಅಂದ. ಪ್ರತಿ ಸಲಾನೂ ಅದೇ ರಾಗ!"

ಒಲೆಯ ಪಕ್ಕದ ಸೌದೆಬುಟ್ಟಿ ಯಾವತ್ತೂ ತುಂಬಿರುತ್ತಿತ್ತು. ಅದು ಹೇಗೆ ತುಂಬುತ್ತದೆಂದು ಗೇಶೆ ಒಂದು ದಿನವೂ ಯೋಚಿಸಿರಲಿಲ್ಲ.

"ಇನ್ನೇನೇನು ಅಂತಿದ್ರು, ಅಜ್ಜೀ?"

ಓಕೊನ ಹೆಂಡತಿ ಚಹಾದ ಜಗ್ಗು ಹಿಡಿದು ಮೇಜಿನುದ್ದಕ್ಕೂ ಬರುತ್ತಿದ್ದಳು. ಗೇಶೆ ಬಟ್ಟಲೊಳಗಿನ ಚಮಚವನ್ನು ತೆಗೆದು ತಟ್ಟೆಯ ಮೇಲಿಟ್ಟಳು.