ಹೆಬ್ಬೆರಳಿನ ಮಾತು

ಮೈ ತೊಳೆಯಲೆಂದು ಮಗ್ಗುಲಿಗೆ ಹೊರಳಿಸಿದಾಗ ಹೆಣ ಮಾತಾಡಿತು.

"ಹಾಂ" ಎನ್ನುವುದಕ್ಕೂ "ಬಾ" ಎನ್ನುವುದಕ್ಕೂ ನಡುವಿನ ಒರಟು ಸದ್ದು. ಭಾಮೈದ ಕೈಲಿದ್ದ ಚೊಂಬು ಬಿಟ್ಟ. ನರ್ಸ್ ಆಗಿದ್ದ ಮಗಳು ನಾಡಿ ಹಿಡಿದು ನೋಡಿ ತಲೆಯಾಡಿಸಿದಳು. ಹೊರಳಿಸುವಾಗ ಮಾವನ ಕೈ ಅಪ್ಪನ ಕುತ್ತಿಗೆಯ ತೂತಿನ ಮೇಲೆ ಬಿದ್ದಿದೆ, ಎದೆಯಲ್ಲಿ ಉಳಿದ ಗಾಳಿ ಒಳಗಿನ ಕವಾಟದಿಂದ ಬಾಯಿಗೆ ಬಂದಿದೆ, ಅಷ್ಟೆ ಎಂದಳು.

ಹೆಂಡತಿ ಮಾತ್ರ ಬೆದರಲಿಲ್ಲ. ಏನಂದರು ಎಂದು ಕೇಳಿದಳು.

*

ಸತ್ತವನು ಕೋರ್ಟಿನ ಬಾಗಿಲಲ್ಲಿ ಹೆಸರು ಕೂಗುವ ಜವಾನ. ಕೂಗಿದನೆಂದರೆ ರಸ್ತೆಯಾಚೆ ಚಹಾ ಕುಡಿಯುತ್ತಿದ್ದ ಸಾಕ್ಷಿದಾರರೂ ಲೋಟ ಕೆಳಗಿಟ್ಟು ಎದ್ದು ಬರುತ್ತಿದ್ದರು. ದನಿ ಒಡೆದಾಗ, ಕೂಗಿ ಕೂಗಿ ಹಾಗಾಗಿದೆ ಎಂದು ವಕೀಲರೆಲ್ಲ ನಕ್ಕರು. ಗಂಟಲೊಳಗೆ ನುಣ್ಣನೆಯ ಗಟ್ಟಿ ಉಬ್ಬು. ಎರಡು ಸಲ ಚೂರು ತೆಗೆದು ಪರೀಕ್ಷಿಸಿದರೂ ಏನೂ ಸಿಗಲಿಲ್ಲ. ಮೂರನೆಯ ಸಲ ಆಳಕ್ಕಿಳಿದ ಡಾಕ್ಟರು, ಇದು ಧ್ವನಿಪೆಟ್ಟಿಗೆಯ ಮೃದ್ವಸ್ಥಿಗೇ ಹಿಡಿದ ಕ್ಯಾನ್ಸರ್, ಇಪ್ಪತ್ತು ವರ್ಷದಲ್ಲಿ ತಾನು ಕಂಡ ಮೊದಲನೆಯದು, ವಿಕಿರಣಕ್ಕೆಲ್ಲ ಬಗ್ಗುವುದಿಲ್ಲ, ಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು.

ತೆಗೆದರು. ಉಸಿರಿಗೆ ಕುತ್ತಿಗೆಯಲ್ಲೊಂದು ತೂತು, ಮಾತಿಗೆ ಒಳಗೊಂದು ಪುಟ್ಟ ಕವಾಟ. ತೂತನ್ನು ಹೆಬ್ಬೆರಳಿಂದ ಮುಚ್ಚಿದರೆ ದನಿ ಬರುತ್ತಿತ್ತು. ವಾರಗಟ್ಟಲೆ ಒದ್ದಾಡಿ ಕಲಿತು ಬಂದವನು, ಹೊಸ್ತಿಲಲ್ಲೇ ನಿಂತು ಬೆರಳಿಟ್ಟು ಹೆಂಡತಿಯ ಹೆಸರು ಕರೆದ. ಅವಳು ಮುಖ ತಿರುಗಿಸಿದಳು.

"ಬೇಡ. ಬಾವಿಯೊಳಗಿಂದ ಯಾರೋ ಕರೆದ ಹಾಗಿದೆ. ಅದು ನೀವಲ್ಲ."

ಅವನು ಬೆರಳು ತೆಗೆದ. ಆಮೇಲೆ ಮಗಳೊಡನೆ ಮಾತಾಡಿದ, ಹಾಲಿನವನೊಡನೆ ಜಗಳವನ್ನೂ ಆಡಿದ. ಅವಳೆದುರು ಮಾತ್ರ ನಾಲ್ಕು ವರ್ಷ ಚೀಟಿ ಬರೆದ. ಛತ್ರಿ ತಗೊಂಡು ಹೋಗು ಎಂಬುದಕ್ಕೂ ಚೀಟಿ. ತಪ್ಪಾಯಿತು, ಮಾತಾಡಿ ಎಂಬ ಮಾತು ದಿನಾ ಅವಳ ನಾಲಗೆ ತುದಿಗೆ ಬರುತ್ತಿತ್ತು. ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಿದ್ದಳು. ಇವತ್ತು ಬೆಳಗ್ಗೆ, ಕುರ್ಚಿಯಲ್ಲಿ ಕೂತಂತೆಯೇ, ಅವನ ಹೃದಯ ನಿಂತುಹೋಯಿತು.

*

ಗಾಡಿ ಬಂದು ಬಾಗಿಲಲ್ಲಿ ನಿಂತಿತು. ಹೆಂಡತಿ ತಮ್ಮ, ಮಗಳು ಇಬ್ಬರಿಗೂ ಹೊರಗಿರಿ ಎಂದಳು.

"ಅಮ್ಮಾ, ಅದು ಬರೀ ಗಾಳಿ," ಎಂದಳು ಮಗಳು.

"ಗೊತ್ತು ಕಣೆ. ಆ ಗಾಳಿಗೂ ನಾನು ಕಿವಿ ಕೊಡ್ಲಿಲ್ವಲ್ಲ."

ಒಳಗಿಂದ ಚಿಲಕ ಬಿತ್ತು. ಹೊತ್ತಾಯಿತೆಂದು ಭಾಮೈದ ಬಾಗಿಲು ತಟ್ಟಲು ಕೈಯೆತ್ತಿದ. ಅಷ್ಟರಲ್ಲಿ ಮಂಚ ಕಿರುಗುಟ್ಟಿತು. ಬೆನ್ನಿಗೇ ಆ ಒರಟು ಸದ್ದು.

"ಹೂಂ," ಎಂದಳು ಒಳಗಿಂದ ಅಕ್ಕ.

ಮತ್ತೆ ಮಂಚ ಕಿರುಗುಟ್ಟಿತು. ಮತ್ತೆ ಸದ್ದು, ಈ ಸಲ ತುಸು ಉದ್ದ.

"ಹೂಂ... ಆಮೇಲೆ?"