ಮೂಲೆರಾಯನ ಜೇಬಾಟ

ಟೈಲರಮ್ಮನಿಗೆ ಆಗ ಇದ್ದದ್ದು ಎರಡು ತಲೆನೋವು. ಒಂದು, ನಾಯಿಗಳ ಆಶ್ರಯಧಾಮದ ಕಡೇ ಗೂಡಿನಲ್ಲಿ ಸದಾ ಗೋಡೆಗೆ ಮುಖ ಮಾಡಿ ಮಲಗುವ ಮುದಿನಾಯಿ. ಇನ್ನೊಂದು, ಸಕ್ಕರೆ ಕಾಯಿಲೆ ಇಟ್ಟುಕೊಂಡು ಕದ್ದು ತಿನ್ನುವ ಗಂಡ. ಇಬ್ಬರಿಗೂ ವಯಸ್ಸಾಗಿತ್ತು, ಇಬ್ಬರೂ ಜಪ್ಪಯ್ಯ ಅಂದರೂ ಮಾತು ಕೇಳುವ ಪೈಕಿಯಲ್ಲ.

ಹೊಲಿಗೆ ಅಂಗಡಿ ಮುಚ್ಚಿದ ಮೇಲೆ ಕೈ ಸುಮ್ಮನಿರಲಾರದೆ ಆಕೆ ಆಶ್ರಯಧಾಮದ ಕೆಲಸಕ್ಕೆ ನಿಂತಿದ್ದಳು. ಅಲ್ಲಿನ ಡಾಕ್ಟರಮ್ಮ ಮಗಳ ವಯಸ್ಸಿನವಳು. ನಾಯಿಗೆ ಹೊಟ್ಟೆ ತುಂಬಿದರೆ ಸಾಲದು, ತಲೆಗೂ ಮೂಗಿಗೂ ಕೆಲಸ ಬೇಕು, ಕೆಲಸವಿಲ್ಲದ ನಾಯಿ ಬೊಗಳಿ ಬೊಗಳಿ ಹುಚ್ಚಾಗುತ್ತದೆ, ಇಲ್ಲವೇ ಮಂಕು ಹಿಡಿದು ಕೂರುತ್ತದೆ ಎಂದು ಅವಳು ಮೊದಲ ದಿನವೇ ತಿಳಿಸಿದ್ದಳು. ಅದಕ್ಕೇ ಅಲ್ಲಿ ರಟ್ಟಿನ ಡಬ್ಬಿಯಲ್ಲಿ ತಿಂಡಿ ಮುಚ್ಚಿಟ್ಟು ಹರಿಯಲು ಬಿಡುತ್ತಿದ್ದರು, ಹಳೇ ಟವೆಲಿನಲ್ಲಿ ಸುತ್ತಿ ಬಿಡಿಸಲು ಕೊಡುತ್ತಿದ್ದರು, ಬೋಗುಣಿ ನೀರಲ್ಲಿ ಚೆಂಡು ತೇಲಿಸುತ್ತಿದ್ದರು. ಟೈಲರಮ್ಮನಿಗೆ ಇದು ಥಟ್ಟನೆ ಅರ್ಥವಾಯಿತು. ಬಸ್ಸು ಓಡಿಸುವುದು ನಿಂತ ಮೇಲೆ ಯಜಮಾನರು ಮನೆಯಲ್ಲಿ ಏನಾಗಿದ್ದಾರೆಂದು ದಿನಾ ನೋಡುತ್ತಿದ್ದಳಲ್ಲ!

ಕಡೇ ಗೂಡಿನ ನಾಯಿಗೆ ಎಲ್ಲರೂ ಇಟ್ಟಿದ್ದ ಹೆಸರು ಮೂಲೆರಾಯ. ಡಬ್ಬಿ, ಟವೆಲು, ಚೆಂಡು ಯಾವುದನ್ನೂ ಅದು ಕಣ್ಣೆತ್ತಿ ನೋಡಲಿಲ್ಲ. ಟೈಲರಮ್ಮನಿಗೆ ಹಟ ಹತ್ತಿತು. ಯಜಮಾನರ ಹಳೇ ಅಂಗಿಗಳ ಜೇಬು ಕತ್ತರಿಸಿ, ದಪ್ಪ ಬಟ್ಟೆಯ ಮೇಲೆ ಸಾಲಾಗಿ ಹೊಲಿದು, ಕೆಲವಕ್ಕೆ ಗುಂಡಿ, ಕೆಲವಕ್ಕೆ ಮುಚ್ಚಳ ಇಟ್ಟು, ಒಳಗೆ ತಿಂಡಿ ಅಡಗಿಸಿದಳು. ಮನುಷ್ಯರ ವಾಸನೆಯೂ ಒಂದು ಆಟವೇ, ಬಟ್ಟೆ ಒಗೆಯಬೇಡಿ ಎಂದಿದ್ದಳು ಡಾಕ್ಟರಮ್ಮ. ಆ ಚಾಪೆ ಹಾಸಿದ್ದೇ ತಡ, ಮೂಲೆರಾಯ ಎದ್ದು ಬಂದ. ಗುಂಡಿಯನ್ನು ಹಲ್ಲಿನಿಂದ ಮೆಲ್ಲಗೆ ಬಿಚ್ಚಿ, ಜೇಬಿಗೆ ಮೂತಿ ತೂರಿಸಿ, ಕೆಲಸ ಮುಗಿಸಿಕೊಂಡು ಮತ್ತೆ ಮೂಲೆ ಸೇರಿದ. ಟೈಲರಮ್ಮ ಹಿಗ್ಗಿ ಹೀರೇಕಾಯಿಯಾದಳು.

ಆದರೆ ಬೇರೆಯವರು ಕೊಟ್ಟ ಬಟ್ಟೆಯಲ್ಲಿ ಇನ್ನೊಂದು ಚಾಪೆ ಹೊಲಿದರೆ ಮೂಲೆರಾಯ ಮೂಸಲೂ ಇಲ್ಲ. ಬಣ್ಣ ಹಿಡಿಸಲಿಲ್ಲವೇನೋ ಅಂದುಕೊಂಡಳು, ದಾರ ಬದಲಾಯಿಸಿದಳು, ಹೊಲಿಗೆ ಬಿಚ್ಚಿ ಮತ್ತೆ ಹಾಕಿದಳು. ನಾಯಿಯ ಪ್ರಪಂಚವೆಲ್ಲ ಮೂಗಿನಲ್ಲಿದೆ ಎಂದು ಬೆಳಗಿನಿಂದ ಸಂಜೆಯವರೆಗೆ ಹೇಳುವ ಆ ಜಾಗದಲ್ಲಿ ಒಬ್ಬರಿಗೂ ಅಸಲು ಕಾರಣ ಹೊಳೆಯಲಿಲ್ಲ. ಹಾಗಾಗಿ ಯಜಮಾನರ ಅಂಗಿಗಳೇ ಒಂದೊಂದಾಗಿ ಮಾಯವಾಗತೊಡಗಿದವು.

"ಅಂಗಿ ಮುಗಿದ್ಮೇಲೆ ನನ್ನೇ ಕತ್ತರಿಸಿ ಹಾಸ್ತೀಯೇನೇ ಅದಕ್ಕೆ?" ಎಂದು ಯಜಮಾನರು ಗೊಣಗಿದರು. ಆ ನಾಯಿಯನ್ನು ಮನೆಗೆ ತರುವ ಮಾತು ಮಾತ್ರ ಎತ್ತಕೂಡದೆಂದು ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದರು. ಟೈಲರಮ್ಮನೂ ಎತ್ತಿರಲಿಲ್ಲ, ಇವರನ್ನು ಕಾಯುವುದಕ್ಕೇ ಅವಳಿಗೆ ಎರಡು ಕಣ್ಣು ಸಾಲುತ್ತಿರಲಿಲ್ಲ. ಸಕ್ಕರೆ ಇಳಿಯುತ್ತಿಲ್ಲವೆಂದರೆ ತಿಂಡಿ ಎಲ್ಲೋ ಇದೆ ಎಂದೇ ಅರ್ಥ. ಅಡುಗೆಮನೆ ಡಬ್ಬಿಗಳನ್ನೂ ಹಾಸಿಗೆಯ ಅಡಿಯನ್ನೂ ಬೂಟಿನ ಒಳಗನ್ನೂ ಜಾಲಾಡಿದ್ದಳು. ಉಸಿರು ನಿಂತು ವರ್ಷಗಳಾದ ರೇಡಿಯೋವನ್ನಾದರೂ ಗುಜರಿಗೆ ಹಾಕಿ ಜಾಗ ಮಾಡೋಣವೆಂದರೆ, ಅದು ತಮ್ಮ ತಂದೆಯ ನೆನಪೆಂದು ಯಜಮಾನರು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಹೀಗಿರುವಾಗ ಡಾಕ್ಟರಮ್ಮ ಸುದ್ದಿ ತಂದಳು. ಭಾನುವಾರ ಒಂದು ಕುಟುಂಬ ಬರುತ್ತದೆ, ಮನೆಯ ಅಜ್ಜಿಗೆ ಜೊತೆಯಾಗಿರಲು ವಯಸ್ಸಾದ, ಗಲಾಟೆ ಮಾಡದ ನಾಯಿ ಬೇಕಂತೆ. ಮುದಿನಾಯಿಯನ್ನು ಕೇಳಿಕೊಂಡು ಬರುವವರೇ ಇಲ್ಲ, ಮೂಲೆರಾಯ ಎದ್ದು ಬಂದು ಅಜ್ಜಿಯ ಮುಂದೆ ನಿಂತರೆ ಸಾಕು, ಅವನಿಗೊಂದು ಮನೆ ಆದಂತೆ ಎಂದಳು. ಟೈಲರಮ್ಮನಿಗೆ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವಷ್ಟೇ ಎದೆ ಹೊಡೆದುಕೊಳ್ಳಲು ಶುರುವಾಯಿತು. ಯಜಮಾನರ ಇನ್ನಷ್ಟು ಅಂಗಿಗಳ ಜೇಬು ಕತ್ತರಿಸಿ ದೊಡ್ಡದೊಂದು ಚಾಪೆ ಹೊಲಿದಳು. ಭಾನುವಾರ ಅದನ್ನು ಹೊತ್ತು ತಂದವರು ಯಜಮಾನರು, ಮೈಮೇಲೆ ಉಳಿದಿದ್ದ ಒಂದೇ ಒಳ್ಳೆ ಅಂಗಿ.

ಅಂಗಳದಲ್ಲಿ ಅಜ್ಜಿ ಕುರ್ಚಿ ಹಾಕಿಕೊಂಡು ಕೂತಿದ್ದರು, ಹಿಂದೆ ಮಗ, ಸೊಸೆ. ಅವರ ಕಾಲ ಬಳಿ ಚಾಪೆ ಹಾಸಿದರು. ಗೂಡಿನ ಬಾಗಿಲು ತೆಗೆದಾಗ ಮೂಲೆರಾಯ ಎದ್ದ, ಹೊರಗೆ ಬಂದ, ಚಾಪೆಯ ಹತ್ತಿರವೂ ಬಂದ. ನಾಯಿ ಮೂಗೆತ್ತಿ ಗಾಳಿ ಮೂಸಿತು, ಚಾಪೆ ದಾಟಿತು, ಅಜ್ಜಿಯನ್ನೂ ದಾಟಿ ನೇರ ಗೇಟಿನ ಬಳಿ ನಿಂತಿದ್ದ ಯಜಮಾನರ ಕಡೆ ನಡೆಯಿತು. ಅವರು ಹಿಂದೆ ಸರಿದು ಸರಿದು ಗೋಡೆಗೆ ಅಂಟಿಕೊಂಡರು. ನಾಯಿ ಮುಂಗಾಲೆರಡನ್ನೂ ಅವರ ಹೊಟ್ಟೆಗೆ ಕೊಟ್ಟು, ಮೇಲಿನ ಜೇಬನ್ನು ತಿರುಗಿಯೂ ನೋಡದೆ, ಟೈಲರಮ್ಮನ ಚಾಪೆಯಲ್ಲಿ ಕಲಿತ ನಾಜೂಕಿನಲ್ಲೇ ಅಂಗಿಯ ಗುಂಡಿ ಬಿಚ್ಚಿ ಮೂತಿ ಒಳಗಿಟ್ಟಿತು. ಒಳಗಡೆ ಒಂದು ಕಳ್ಳಜೇಬು, ಅದರಿಂದ ಹೊರಬಿತ್ತು ಕಾಗದದಲ್ಲಿ ಸುತ್ತಿದ ಕ್ರೀಮ್ ಬಿಸ್ಕತ್ತು.

ಟೈಲರಮ್ಮ ಬಿಸ್ಕತ್ತು ನೋಡಲಿಲ್ಲ, ಜೇಬು ನೋಡಿದಳು.

"ಇದನ್ಯಾರು ಹೊಲಿದಿದ್ದು?"

"ನಾನೇ," ಎಂದರು ಯಜಮಾನರು, ಇಂಗು ತಿಂದ ಮಂಗನ ಹಾಗೆ.

"ನನ್ನ ಜೊತೆ ಇಷ್ಟು ವರ್ಷ ಬಾಳಿ, ಇಂಥ ಹೊಲಿಗೆ ಹಾಕ್ತೀರಲ್ಲ."

ಆಗ ಅವಳಿಗೆ ಎಲ್ಲ ಹೊಳೆಯಿತು. ಮೂಲೆರಾಯನನ್ನು ಮೂಲೆಯಿಂದ ಎಬ್ಬಿಸಿದ್ದು ತನ್ನ ಕಸುಬಲ್ಲ, ಇವರ ಕಳ್ಳತನ. ಕತ್ತರಿಸಿದ ಒಂದೊಂದು ಜೇಬಿನ ಮೂಲೆಯಲ್ಲೂ ಇವರು ಉಳಿಸಿದ್ದ ಬಿಸ್ಕತ್ತಿನ ಪುಡಿ ಇತ್ತು.

ಅಜ್ಜಿಗೆ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಈ ನಾಯಿ ಆಗಲೇ ತನ್ನವರನ್ನು ಆರಿಸಿಕೊಂಡಾಗಿದೆ ಎಂದು ಹೇಳಿ, ಪಕ್ಕದ ಗೂಡಿನ ಸಾಧು ಹೆಣ್ಣುನಾಯಿಯನ್ನು ಕರೆದುಕೊಂಡು ಹೊರಟರು. ಟೈಲರಮ್ಮನಿಗೆ ನಗು ಬರಲಿಲ್ಲ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲವಲ್ಲ ಎಂಬ ಸಂಕಟ ಅವಳಿಗೆ.

"ನಿಮ್ಮ ಬಾಯಿಚಪಲಕ್ಕೆ ಅದರ ಮನೆ ಹೋಯ್ತು ಕಣ್ರೀ," ಎಂದು ಎಲ್ಲರೆದುರೇ ಅತ್ತುಬಿಟ್ಟಳು.

ಯಜಮಾನರು ಕಲ್ಲುಬೆಂಚಿನ ಮೇಲೆ ಕೂತರು. ಬಿಸ್ಕತ್ತು ಮುಗಿಸಿದ ಮೂಲೆರಾಯ ಮತ್ತೆ ಬಂದ. ಅವರು ಕಳ್ಳಜೇಬನ್ನು ಹೊರಗೆಳೆದು ಕೊಡವಿ ತೋರಿಸಿ, ಖಾಲಿ ಕಣೋ, ಹೋಗು ಎಂದರು. ನಾಯಿ ಹೋಗಲಿಲ್ಲ. ಅವರ ಎರಡೂ ಬೂಟಿನ ಮೇಲೆ ಮೈ ಚೆಲ್ಲಿ, ಗೋಡೆಗೆ ಬೆನ್ನು ಮಾಡಿ, ಜನರ ಕಡೆ ಮುಖ ಹಾಕಿ ಮಲಗಿತು. ಹಾಗೆ ಮಲಗಿದ್ದನ್ನು ಆಶ್ರಯಧಾಮದಲ್ಲಿ ಯಾರೂ ಕಂಡಿರಲಿಲ್ಲ. ಕಾಲು ಜೋಮು ಹಿಡಿದರೂ ಯಜಮಾನರು ಅಲ್ಲಾಡಲಿಲ್ಲ.

"ಜೇಬು ಖಾಲಿ ಆದ್ಮೇಲೂ ಬಂತಲ್ಲೇ," ಎಂದರು ಕೊನೆಗೆ, ದನಿ ಒಂದು ಥರಾ ಆಗಿತ್ತು. ಮನೆಗೆ ಕರೆದುಕೊಂಡು ಹೋಗಲು ಏನೇನು ಮಾಡಬೇಕೆಂದು ಡಾಕ್ಟರಮ್ಮನನ್ನು ಕೇಳಿದವರೂ ಅವರೇ.

ಸಂಜೆ ಮೂಲೆರಾಯ ಹೊಸ ಮನೆಯ ಕೋಣೆ ಕೋಣೆಯನ್ನೂ ಮೂಸಿ ನೋಡಿದ. ಆಮೇಲೆ ನಡುಮನೆಗೆ ಬಂದು, ರೇಡಿಯೋದ ಮುಂದೆ ನೆಟ್ಟಗೆ ಕೂತು, ಬಾಲ ಅಲ್ಲಾಡಿಸುತ್ತ ಟೈಲರಮ್ಮನ ಮುಖವನ್ನೇ ನೋಡಿದ.

"ಹಾಡು ಕೇಳೋ ಆಸೆ ಇರ್ಬೇಕು ಪಾಪ," ಎಂದರು ಯಜಮಾನರು ಬೆವರೊರೆಸಿಕೊಳ್ಳುತ್ತ.

ಟೈಲರಮ್ಮ ಹೊಲಿಗೆ ಮಿಷನ್ನಿನ ಡ್ರಾಯರಿನಿಂದ ಸ್ಕ್ರೂಡ್ರೈವರ್ ತಂದಳು.